ಹರೆಯದ ಕೋಣೆಯನ್ನು ಅರ್ಧಕ್ಕೇ ಬಿಡಿ

ಏಪ್ರಿಲ್ ಬಂದು ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಓದುಗರ ಪತ್ರಗಳಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ಮಗಳಿಗೆ ಹದಿಮೂರು ತುಂಬುತ್ತಿದೆ, ಗೋಡೆಯ ಮೇಲೆ ಇನ್ನೂ ಛೋಟಾ ಭೀಮ್ ಇದ್ದಾನೆ, ಸೂರಿಗೆ ಅಂಟಿಸಿದ ರೇಡಿಯಂ ನಕ್ಷತ್ರಗಳಲ್ಲಿ ಅರ್ಧ ಉದುರಿವೆ, ಚಿಕ್ಕಂದಿನಲ್ಲಿ ಆಸೆಪಟ್ಟು ತಂದ ಪುಟ್ಟ ಮಂಚದಲ್ಲಿ ಕಾಲು ಚಾಚಲು ಆಗುತ್ತಿಲ್ಲ. ಕೋಣೆಯನ್ನು ಈಗ ಹೇಗೆ ಬದಲಿಸಬೇಕು, ಯಾವ ಬಣ್ಣ ಹೊಡೆಸಬೇಕು, ಎಷ್ಟು ಖರ್ಚು ಮಾಡಬೇಕು? ಇಂಟೀರಿಯರ್ ಕೆಲಸದವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಗೋಡೆಯಿಂದ ಗೋಡೆಗೆ ವಾರ್ಡ್‌ರೋಬ್, ಅದಕ್ಕೇ ಸೇರಿಸಿ ಸ್ಟಡಿ ಟೇಬಲ್, ಕೆಳಗೆ ಸಾಮಾನು ಹಿಡಿಸುವ ಮಂಚ, ಎಲ್ಲಕ್ಕೂ ಒಂದೇ ಬಣ್ಣದ ಲ್ಯಾಮಿನೇಟ್. ತಿಂಗಳೊಪ್ಪತ್ತಿನಲ್ಲಿ ಎಲ್ಲ ಮುಗಿದು ಫೋಟೋ ತೆಗೆಯುವ ಹಾಗಿರುತ್ತದೆ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ. ಹರೆಯಕ್ಕೆ ಕಾಲಿಡುತ್ತಿರುವ ಮಗುವಿನ ಕೋಣೆಯನ್ನು ದೊಡ್ಡವರು ಪೂರ್ತಿ ಮುಗಿಸಿಕೊಡಬಾರದು. ಕಣ್ಣಿಗೆ ಬೀಳದ ಕೆಲಸಗಳನ್ನು, ಎಂದರೆ ವೈರಿಂಗು, ಬೆಳಕು, ಗಾಳಿ, ಹಾಸಿಗೆ, ಬೀಗವಿರುವ ಒಂದು ಡ್ರಾಯರ್, ಇವನ್ನು ಅಪ್ಪ ಅಮ್ಮ ಗಟ್ಟಿಯಾಗಿ ಮಾಡಿಸಲಿ. ಕಣ್ಣಿಗೆ ಬೀಳುವುದನ್ನೆಲ್ಲ ಕಡಿಮೆ ಖರ್ಚಿನಲ್ಲಿ, ಬೇಕೆಂದಾಗ ಬದಲಿಸಲು ಬರುವಂತೆ ಇಟ್ಟು, ಮಗುವಿನ ಕೈಗೆ ಬಿಡಲಿ.

ವಯಸ್ಸಿನ ಲೆಕ್ಕದಿಂದಲೇ ಶುರುಮಾಡೋಣ. 12ರಿಂದ 18 ಎಂದುಕೊಂಡರೆ ಈ ಕೋಣೆಯ ಆಯುಸ್ಸು ಆರು ವರ್ಷ. ಪಿಯುಸಿ ಮುಗಿಯುತ್ತಿದ್ದಂತೆ ಎಷ್ಟೋ ಮಕ್ಕಳು ಹಾಸ್ಟೆಲ್ಲೋ ಪಿಜಿಯೋ ಸೇರುತ್ತಾರೆ, ಕೋಣೆ ನೆಂಟರಿಗೆ ಮೀಸಲಾಗುತ್ತದೆ. ಆ ಆರು ವರ್ಷಗಳಲ್ಲೂ ಮಗು ಒಂದೇ ಸಮನೆ ಇರುವುದಿಲ್ಲ. ಹೆಣ್ಣುಮಕ್ಕಳು ಸುಮಾರು 12ರ ಹೊತ್ತಿಗೆ, ಗಂಡುಮಕ್ಕಳು ಸುಮಾರು 14ರ ಹೊತ್ತಿಗೆ ಅತಿ ವೇಗವಾಗಿ ಎತ್ತರವಾಗುತ್ತಾರೆ. ಆ ಒಂದು ವರ್ಷದಲ್ಲೇ 8ರಿಂದ 10 ಸೆಂಟಿಮೀಟರ್ ಬೆಳೆಯುವುದು ಸಾಮಾನ್ಯ. ಮನಸ್ಸೂ ಅಷ್ಟೇ ಬೇಗ ಹೊರಳುತ್ತದೆ. ಎಂಟನೇ ತರಗತಿಯಲ್ಲಿ ಕ್ರಿಕೆಟಿಗರ ಪೋಸ್ಟರ್ ಬೇಕೆಂದ ಹುಡುಗ ಹತ್ತರ ಹೊತ್ತಿಗೆ ಗಿಟಾರ್ ನೇತುಹಾಕಲು ಮೊಳೆ ಕೇಳುತ್ತಾನೆ, ಎರಡನೇ ಪಿಯುಸಿಯಲ್ಲಿ ಅದೇ ಗೋಡೆ ತುಂಬ ಸಿಇಟಿಗೆಂದು ಬರೆದುಕೊಂಡ ಸೂತ್ರಗಳ ಚೀಟಿ ಅಂಟಿಸುತ್ತಾನೆ. ಪ್ಲೈವುಡ್‌ನಲ್ಲಿ ಮಾಡಿ ಗೋಡೆಗೆ ಸ್ಕ್ರೂ ಹೊಡೆದು ಕೂರಿಸಿದ ಮರಗೆಲಸ ಇದ್ಯಾವುದಕ್ಕೂ ಜಗ್ಗುವುದಿಲ್ಲ, ಹತ್ತು ಹದಿನೈದು ವರ್ಷ ಇದ್ದಲ್ಲೇ ಇರುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಒಂದೇ ವಾಸದ ಕೋಣೆ ಇರುವ ಮನೆಯಲ್ಲಿ ಆ ಕೋಣೆಗೆ ಕನಿಷ್ಠ 9.5 ಚದರ ಮೀಟರ್ ಇರಬೇಕೆನ್ನುತ್ತದೆ. ಹೆಚ್ಚುಕಡಿಮೆ 10 ಅಡಿಗೆ 10 ಅಡಿ. ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟುಗಳಲ್ಲಿ ಮಕ್ಕಳ ಕೋಣೆ ಅದರ ಆಸುಪಾಸಿನಲ್ಲೇ ಇರುತ್ತದೆ. ಅಷ್ಟರಲ್ಲಿ ಎರಡಡಿ ಆಳದ ವಾರ್ಡ್‌ರೋಬ್ ಒಂದು ಗೋಡೆಯನ್ನೂ, ಅದಕ್ಕೆ ಜೋಡಿಸಿದ ಟೇಬಲ್ ಇನ್ನೊಂದನ್ನೂ ಹಿಡಿದರೆ ಮಂಚಕ್ಕೆ ಉಳಿಯುವುದು ಒಂದೇ ಜಾಗ. ಕೋಣೆಯನ್ನು ಹಿಂದುಮುಂದು ಮಾಡಿ ನೋಡುವ ಅವಕಾಶ ಅಲ್ಲಿಗೆ ಮುಗಿಯಿತು.

ಸಾಮಾನು ತಿರುಗಿಸಿ ಇಡುವುದರಲ್ಲಿ ಅಂಥ ಮಹತ್ವವೇನಿದೆ ಎಂದು ಕೇಳಬಹುದು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹ್ಯಾಸ್ಲಂ 2010ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ. ಕೆಲಸ ಮಾಡುವ ಕೋಣೆಯನ್ನು ಅವರು ನಾಲ್ಕು ಬಗೆಯಲ್ಲಿ ಸಿದ್ಧಪಡಿಸಿದರು. ಒಂದು ಬೋಳು ಕೋಣೆ. ಇನ್ನೊಂದನ್ನು ಸಂಶೋಧಕರೇ ಗಿಡ, ಚಿತ್ರಗಳಿಂದ ಅಲಂಕರಿಸಿದ್ದರು. ಮೂರನೆಯದರಲ್ಲಿ ಅದೇ ಗಿಡ, ಅದೇ ಚಿತ್ರಗಳನ್ನು ಎಲ್ಲಿಡಬೇಕೆಂದು ಕೂರುವವರೇ ತೀರ್ಮಾನಿಸಿದರು. ನಾಲ್ಕನೆಯದರಲ್ಲೂ ಕೂರುವವರೇ ಜೋಡಿಸಿದರು, ಆದರೆ ಆಮೇಲೆ ಸಂಶೋಧಕರು ಬಂದು ಅದನ್ನು ತಮಗೆ ಬೇಕಾದ ಹಾಗೆ ಬದಲಿಸಿಬಿಟ್ಟರು. ಅಲಂಕರಿಸಿದ ಕೋಣೆಯಲ್ಲಿ ಬೋಳು ಕೋಣೆಗಿಂತ ಕೆಲಸ ಚೆನ್ನಾಗಿ ನಡೆಯಿತು. ತಾವೇ ಜೋಡಿಸಿಕೊಂಡವರ ಕೆಲಸ ಎಲ್ಲಕ್ಕಿಂತ ಚೆನ್ನಾಗಿತ್ತು. ಜೋಡಿಸಿದ್ದನ್ನು ಬೇರೆಯವರು ಕೆಡವಿದಾಗ ಆ ಲಾಭವೆಲ್ಲ ಕರಗಿಹೋಯಿತು. ನಾಲ್ಕನೆಯ ಈ ಕೋಣೆಯ ಬಗ್ಗೆ ಪೋಷಕರು ಹೆಚ್ಚು ಯೋಚಿಸಬೇಕು, ಏಕೆಂದರೆ ಮನೆಗಳಲ್ಲಿ ನಡೆಯುವುದು ಹೆಚ್ಚಾಗಿ ಇದೇ. ಮಗಳನ್ನು ಪೇಂಟ್ ಅಂಗಡಿಗೆ ಕರೆದುಕೊಂಡು ಹೋಗಿ ಶೇಡ್ ಕಾರ್ಡ್ ಕೈಗೆ ಕೊಡುತ್ತೇವೆ. ಅವಳು ಕಡುನೀಲಿಯ ಮೇಲೆ ಬೆರಳಿಟ್ಟರೆ, ಕೋಣೆ ಕತ್ತಲಾಗುತ್ತದೆ ಕಣಮ್ಮ ಎಂದು ಹೇಳಿ ತಿಳಿನೀಲಿಗೆ ಒಪ್ಪಿಸಿ ಬರುತ್ತೇವೆ. ಹೀಗೆ ಕೇಳಿಯೂ ಕೇಳದಂತೆ ಮಾಡುವುದಕ್ಕಿಂತ ಮೊದಲೇ ಕೇಳದಿರುವುದು ವಾಸಿ. ನೈಟ್ ಮತ್ತು ಹ್ಯಾಸ್ಲಂ ನೋಡಿದ್ದು ದೊಡ್ಡವರನ್ನು, ಕೆಲಸದ ಜಾಗವನ್ನು, ನಿಜ. ಆದರೆ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಕಂಡದ್ದೂ ಇದೇ ದಿಕ್ಕಿನದು: ತಮ್ಮ ಕೋಣೆಯ ಸಾಮಾನನ್ನು ಹೇಗಿಟ್ಟುಕೊಳ್ಳಬೇಕು, ಯಾವ ಗಿಡ ನೋಡಿಕೊಳ್ಳಬೇಕು ಎಂಬುದನ್ನು ತಾವೇ ನಿರ್ಧರಿಸಿದ ವೃದ್ಧರು ಕೆಲವೇ ವಾರಗಳಲ್ಲಿ ಹೆಚ್ಚು ಲವಲವಿಕೆಯಿಂದಿದ್ದರು. ಇಪ್ಪತ್ತರ ಮೇಲಿನವರಿಗೂ ಎಪ್ಪತ್ತರ ಮೇಲಿನವರಿಗೂ ಇಷ್ಟು ಬೇಕಾಗುವ ಸ್ವಾತಂತ್ರ್ಯ, ಸ್ವಂತ ಬುದ್ಧಿಯನ್ನು ಪ್ರಯೋಗಿಸಲು ಈಗಷ್ಟೇ ಕಲಿಯುತ್ತಿರುವ ಹದಿನಾಲ್ಕರವರಿಗೆ ಬೇಡವೆನ್ನಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ.

ಹಾಗಾದರೆ ಮಗ ಗೋಡೆಗೆ ಕಪ್ಪು ಬಣ್ಣ ಬೇಕೆಂದರೆ ಹೊಡೆಸುವುದೇ? ಒಂದು ಗೋಡೆಗೆ ಹೊಡೆಸಿ. ಹತ್ತಡಿ ಅಗಲ, ಹತ್ತಡಿ ಎತ್ತರದ ಗೋಡೆಗೆ ಎರಡು ಕೋಟ್ ಎಮಲ್ಷನ್ ಹೊಡೆಯಲು ಒಂದು ಲೀಟರಿನ ಡಬ್ಬಿ ಹೆಚ್ಚುಕಡಿಮೆ ಸಾಕು. ಎರಡು ವರ್ಷಕ್ಕೆ ಅವನಿಗೇ ಬೇಸರ ಬಂದರೆ ಒಂದು ಕೋಟ್ ಪ್ರೈಮರ್, ಮೇಲೆ ತಿಳಿಬಣ್ಣದ ಎರಡು ಅಥವಾ ಮೂರು ಕೋಟ್. ಒಂದು ಶನಿವಾರ, ಒಂದು ಭಾನುವಾರದ ಕೆಲಸ. ರೋಲರ್ ಹಿಡಿಯುವುದನ್ನು ಅವನೇ ಕಲಿಯಲಿ. ಮನೆಯೊಳಗೆ ಮಕ್ಕಳು ತೆಗೆದುಕೊಳ್ಳಬಹುದಾದ ನಿರ್ಧಾರಗಳಲ್ಲಿ ಇಷ್ಟು ಸುಲಭವಾಗಿ ಹಿಂದೆಗೆದುಕೊಳ್ಳಬಹುದಾದದ್ದು ಇನ್ನೊಂದಿಲ್ಲ. ಪೋಷಕರು ಪಟ್ಟು ಹಿಡಿಯಬೇಕಾದದ್ದು ಬಣ್ಣದ ಡಬ್ಬಿಯೊಳಗೆ ಏನಿದೆ ಎಂಬುದರಲ್ಲಿ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು, 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಹಿಂದೆ ಬಾಗಿಲು, ಕಿಟಕಿಯ ಸರಳುಗಳಿಗೆ ಬಳಿದ ಆಯಿಲ್ ಪೇಂಟನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಏಳುವ ಧೂಳಿನಲ್ಲಿ ಸೀಸ ಇರಬಹುದು. ಆದ್ದರಿಂದ ಹಳೆಯ ಮನೆಯಾದರೆ ನೀರು ಹಾಕಿ ಉಜ್ಜಿಸಿ, ಆ ದಿನಗಳಲ್ಲಿ ಮಕ್ಕಳನ್ನು ಆ ಕಡೆ ಬಿಡಬೇಡಿ. ಇನ್ನು ಪೋಸ್ಟರ್, ಫೋಟೋ, ಚೀಟಿಗಳಿಗೆ ಗೋಡೆಯ ಮೇಲೆ ದೊಡ್ಡದೊಂದು ಸಾಫ್ಟ್ ಬೋರ್ಡ್ ಹಾಕಿಸಿ. ಡಬಲ್ ಟೇಪ್ ಕಿತ್ತಾಗ ಪುಟ್ಟಿ ಸಮೇತ ಎದ್ದು ಬರುವ ಜಗಳ ಅಲ್ಲಿಗೆ ನಿಲ್ಲುತ್ತದೆ, ಬೋರ್ಡಿನ ಮೇಲೆ ಏನು ಇರಬೇಕೆಂಬುದು ಪೂರ್ತಿ ಮಕ್ಕಳದ್ದೇ ಆಗುತ್ತದೆ.

ಕಣ್ಣಿಗೆ ಬೀಳದ ಕೆಲಸಗಳಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ನಿದ್ದೆಯದು. ಹರೆಯದ ಮಕ್ಕಳು ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ, ಬೆಳಿಗ್ಗೆ ಎಬ್ಬಿಸಿದರೂ ಏಳುವುದಿಲ್ಲ ಎಂಬ ದೂರು ಮನೆಮನೆಯಲ್ಲೂ ಇದೆ. ಅದು ಬರೀ ಸೋಮಾರಿತನ ಎಂದುಕೊಂಡರೆ ಮಕ್ಕಳಿಗೆ ಅನ್ಯಾಯ ಮಾಡಿದಂತೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್‌ಕಡನ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ಪ್ರಾಯಕ್ಕೆ ಬರುವಾಗ ದೇಹದ ಗಡಿಯಾರವೇ ಹಿಂದೆ ಸರಿಯುತ್ತದೆ, ನಿದ್ದೆ ತರಿಸುವ ಮೆಲಟೋನಿನ್ ಮೊದಲಿಗಿಂತ ತಡವಾಗಿ ಸ್ರವಿಸತೊಡಗುತ್ತದೆ ಎಂಬುದು ಈಗ ಗಟ್ಟಿಯಾಗಿ ನೆಲೆನಿಂತ ವಿಷಯ. 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಲ್ಲಿನ ನಿದ್ರಾವೈದ್ಯರ ಸಂಸ್ಥೆ ಹೇಳುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯವಂತೂ ಹೈಸ್ಕೂಲುಗಳು ಬೆಳಿಗ್ಗೆ ಎಂಟೂವರೆಗೆ ಮೊದಲು ತೆರೆಯಬಾರದೆಂದು ಕಾನೂನನ್ನೇ ಮಾಡಿ 2022ರಿಂದ ಜಾರಿಗೆ ತಂದಿದೆ. ನಮ್ಮಲ್ಲಿ ಶಾಲೆಯ ವ್ಯಾನು ಏಳಕ್ಕೆಲ್ಲ ಬೀದಿಯ ತುದಿಯಲ್ಲಿರುತ್ತದೆ, ಅದನ್ನು ಬದಲಿಸುವುದು ಪೋಷಕರ ಕೈಯಲ್ಲಿಲ್ಲ. ಕೋಣೆಯ ಬೆಳಕು ಮಾತ್ರ ಅವರ ಕೈಯಲ್ಲಿದೆ. ನಮ್ಮ ಕೋಣೆಗಳಲ್ಲಿ ಹೆಚ್ಚಾಗಿ ಇರುವುದು ಒಂದೇ ಒಂದು ಎಲ್‌ಇಡಿ ಟ್ಯೂಬ್‌ಲೈಟ್, ಪೆಟ್ಟಿಗೆಯ ಮೇಲೆ 6500ಕೆ ಎಂದು ಬರೆದಿರುವ ಬೆಳ್ಳನೆಯ ಬೆಳಕಿನದು. ಅದರಲ್ಲಿ ನೀಲಿಯ ಅಂಶ ಹೆಚ್ಚು, ಮೆಲಟೋನಿನ್ ಸ್ರಾವವನ್ನು ತಡೆಯುವುದೂ ಆ ನೀಲಿಯೇ. ಮೊದಲೇ ತಡವಾಗಿ ಬರುವ ನಿದ್ದೆಯನ್ನು ನಾವು ಇನ್ನಷ್ಟು ಹಿಂದಕ್ಕೆ ತಳ್ಳುತ್ತಿದ್ದೇವೆ. ಮಾಡಬೇಕಾದದ್ದು ದೊಡ್ಡ ಖರ್ಚಿನದೇನಲ್ಲ. ಓದಲು ಮೇಜಿನ ಮೇಲೆ ಬೆಳ್ಳನೆಯ ಟೇಬಲ್ ಲ್ಯಾಂಪ್, ಮಲಗುವ ಮುಂಚಿನ ಒಂದು ತಾಸಿಗೆ 2700ಕೆ ಅಥವಾ 3000ಕೆ ಎಂದಿರುವ ಹಳದಿ ಬಲ್ಬ್, ಅದಕ್ಕೆ ಮಂಚದಿಂದಲೇ ಕೈಗೆಟಕುವ ಸ್ವಿಚ್. ಗೋಡೆ ಕೊರೆದು ವೈರ್ ಎಳೆಸಬೇಕಾದ ಕೆಲಸವಿದು, ಆದ್ದರಿಂದ ಬಣ್ಣ ಹೊಡೆಸುವ ಮೊದಲೇ ಆಗಬೇಕು. ಆದರೆ ಕ್ಯಾಟಲಾಗ್ ನೋಡಿ ಕೋಣೆ ಮಾಡಿಸುವವರು ಮೊದಲು ಬಣ್ಣ ಆರಿಸುತ್ತಾರೆ, ಸ್ವಿಚ್ಚಿನ ನೆನಪು ಎಲ್ಲ ಮುಗಿದ ಮೇಲೆ ಬರುತ್ತದೆ.

ಮಂಚ, ಮೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರೂಕಾಲು ಅಡಿ ಉದ್ದದ ಬಿಡಿ ಮಂಚ, ಒಳ್ಳೆಯ ಹಾಸಿಗೆ, ಎತ್ತರ ಹೊಂದಿಸಬಹುದಾದ ಕುರ್ಚಿ ಸಾಕು. ಅಂಗಡಿಯಲ್ಲಿ ಸಿಗುವ ಮೇಜು ಸುಮಾರು 30 ಇಂಚು ಎತ್ತರ, ದೊಡ್ಡವರ ಅಳತೆಯದು. ಹನ್ನೆರಡರ ಮಗುವಿಗೆ ಕುರ್ಚಿ ಎತ್ತರಿಸಿ ಕಾಲ ಕೆಳಗೊಂದು ಮಣೆ ಕೊಟ್ಟರೆ ಬೆಳೆದ ಮೇಲೂ ಅದೇ ಮೇಜು ನಡೆಯುತ್ತದೆ. ಒಂದು ವಿಷಯಕ್ಕೆ ಮಾತ್ರ ಎಚ್ಚರ ಹೇಳಲೇಬೇಕು. ಇಬ್ಬರು ಮಕ್ಕಳಿಗೆ ಜಾಗ ಸಾಲದೆಂದು ಮೇಲೆ ಕೆಳಗೆ ಇರುವ ಅಟ್ಟಮಂಚ ತರುವವರು ಮೊದಲು ತಲೆಯೆತ್ತಿ ಫ್ಯಾನ್ ನೋಡಲಿ. ಇಂಥ ಮಂಚಗಳು ಹೆಚ್ಚಾಗಿ ಫ್ಯಾನಿಲ್ಲದ ಊರುಗಳ ಮನೆಗಳಿಗಾಗಿ ರೂಪುಗೊಂಡವು. ನಮ್ಮ ಹತ್ತಡಿ ಎತ್ತರದ ಕೋಣೆಯಲ್ಲಿ ಮೇಲಿನ ಹಾಸಿಗೆಯ ಮೇಲೆ ಕುಳಿತ ಹದಿಮೂರರ ಹುಡುಗ ಅಂಗಿ ಬಿಚ್ಚಲು ಕೈಯೆತ್ತಿದರೆ ರೆಕ್ಕೆ ತಾಗುವಷ್ಟು ಹತ್ತಿರ ಇರುತ್ತದೆ. ಫ್ಯಾನ್ ಸರಿಸದೆ, ಇಲ್ಲವೇ ಗೋಡೆಯ ಫ್ಯಾನಿಗೆ ಬದಲಿಸದೆ ಅಟ್ಟಮಂಚ ಬೇಡವೇ ಬೇಡ. ಮೇಜು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಬೇಕು, ವಾಸ್ತು ನೋಡಬೇಕು ಎನ್ನುವ ಮನೆಗಳೂ ಬಹಳ. ಅದು ಆಯಾ ಮನೆಯ ನಂಬಿಕೆ, ನನ್ನದೇನೂ ತಕರಾರಿಲ್ಲ. ಆದರೆ ಆ ನಿಯಮವನ್ನು ಮಗುವಿಗೆ ಮೊದಲೇ ಹೇಳಿ, ಉಳಿದದ್ದನ್ನು ಅದರೊಳಗೆ ನೀನು ತೀರ್ಮಾನಿಸು ಎನ್ನಿ. ಮೇಜು ಎಳೆದಿಟ್ಟಾದ ಮೇಲೆ ದಿಕ್ಕಿನ ಮಾತು ತೆಗೆಯಬೇಡಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಕಿಟಕಿಯ ಬೆಳಕು ಎಡದಿಂದ ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ ಎಂಬುದನ್ನೂ ಆಗಲೇ ತಿಳಿಸಿ.

ಊರಿನ ಹವೆಯನ್ನು ಮರೆತು ಕೋಣೆ ಮಾಡಿಸುವುದು ಇನ್ನೊಂದು ದೊಡ್ಡ ತಪ್ಪು. ಬೆಂಗಳೂರಿನ ಒಣ ಕೋಣೆಯ ಫೋಟೋ ನೋಡಿ ತೀರ್ಥಹಳ್ಳಿಯಲ್ಲೋ ಕುಂದಾಪುರದಲ್ಲೋ ವಾಲ್‌ಪೇಪರ್ ಅಂಟಿಸಿದರೆ ಆಷಾಢದ ಮಳೆಗೆ ಅಂಚು ಬಿಟ್ಟುಕೊಂಡು, ಹಿಂದೆ ಬೂಷ್ಟು ಹಿಡಿಯುತ್ತದೆ. ಅಲ್ಲೆಲ್ಲ ಹೊರಗೋಡೆಗೆ ಒತ್ತಿ ಬೀರು ಇಡಬಾರದು. ನಾಲ್ಕು ಬೆರಳಾದರೂ ಸಂದು ಬಿಟ್ಟು ಗಾಳಿಯಾಡಲು ಬಿಡಬೇಕು. ಹೊರಗೋಡೆಗೆ ಸ್ಕ್ರೂ ಹೊಡೆದ ವಾರ್ಡ್‌ರೋಬಿನಲ್ಲಿ ಅದು ಆಗದ ಮಾತು. ಕಲಬುರಗಿ, ರಾಯಚೂರಿನ ಕಡೆ ಚಿಂತೆಯೇ ಬೇರೆ. ಆರ್‌ಸಿಸಿ ಮಾಳಿಗೆಯ ಕೆಳಗಿನ, ಪಶ್ಚಿಮದ ಗೋಡೆಯಿರುವ ಕೋಣೆ ಬೇಸಗೆಯಲ್ಲಿ ರಾತ್ರಿಯೆಲ್ಲ ಕಾವು ಬಿಡುತ್ತಿರುತ್ತದೆ. ಅಲ್ಲಿ ಲ್ಯಾಮಿನೇಟಿಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಮಾಳಿಗೆಗೆ ಬಿಳಿ ಸುಣ್ಣ ಬಳಿಸಲು, ಎದುರುಬದುರು ಗಾಳಿಯಾಡುವಂತೆ ಕಿಟಕಿ ಸರಿಪಡಿಸಲು ಇಟ್ಟರೆ ಪರೀಕ್ಷೆಯ ಹೊತ್ತಿನಲ್ಲಿ ಓದುವ ಮಗುವಿಗೆ ನಿಜವಾದ ಉಪಕಾರ. ಬಿಡಿ ಮಂಚವಾದರೆ ಬೇಸಗೆಯಲ್ಲಿ ಕಿಟಕಿಯ ಬಳಿ, ಚಳಿಯಲ್ಲಿ ಒಳಗೋಡೆಯ ಬಳಿ ಎಳೆದುಕೊಳ್ಳಬಹುದು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬಾಗಿಲಿನದು. ಕೋಣೆ ಅವರದೇ ಎಂದುಬಿಟ್ಟರೆ ಬಾಗಿಲು ಹಾಕಿಕೊಂಡು ಮೊಬೈಲ್ ಹಿಡಿದು ಕೂರುತ್ತಾರೆ, ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುವುದಾದರೂ ಹೇಗೆ? ಈ ಭಯಕ್ಕೆ ಆಧಾರವಿದೆ, ಅದನ್ನು ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ. ಆದರೆ ತಿಳಿಯುವುದು ಹೇಗೆ ಎಂಬುದಕ್ಕೆ ಸ್ವೀಡನ್ನಿನಲ್ಲಿ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ಕೊಟ್ಟ ಉತ್ತರ ಗಮನಿಸುವಂಥದ್ದು. 14 ವರ್ಷದ 700ಕ್ಕೂ ಹೆಚ್ಚು ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿದಾಗ, ಮಕ್ಕಳ ಬಗ್ಗೆ ಪೋಷಕರಿಗೆ ತಿಳಿದಿದ್ದ ಸಂಗತಿಗಳಲ್ಲಿ ಹೆಚ್ಚಿನವು ಕಾವಲು ಕಾದು ಕಂಡುಹಿಡಿದವಲ್ಲ, ಮಕ್ಕಳೇ ತಾವಾಗಿ ಹೇಳಿದವು ಎಂದು ಗೊತ್ತಾಯಿತು. ಮಗು ಬಾಯಿಬಿಟ್ಟು ಹೇಳುವ ಮನೆಯಲ್ಲಿ ಮುಚ್ಚಿದ ಬಾಗಿಲಿನಿಂದ ಅಪಾಯ ಕಡಿಮೆ. ಬಾಯಿ ಬಿಡದ ಮನೆಯಲ್ಲಿ ತೆರೆದ ಬಾಗಿಲಿನಿಂದಲೂ ಏನೂ ತಿಳಿಯುವುದಿಲ್ಲ. ಇಷ್ಟು ಹೇಳಿದ ಮೇಲೂ ಕೆಲವು ಏರ್ಪಾಡುಗಳನ್ನು ನಾನು ಒತ್ತಿ ಹೇಳುತ್ತೇನೆ. ಕೋಣೆಗೆ ಒಳಗಿನಿಂದ ದಪ್ಪ ಅಗುಳಿ ಬೇಡ. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆರೆಯುವ ಲಾಕ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹೆಣ್ಣು, ಗಂಡು ಯಾರ ಕೋಣೆಯಾದರೂ ತಟ್ಟಿ, ಉತ್ತರ ಬಂದ ಮೇಲೆ ಒಳಗೆ ಹೋಗುವುದು ಮನೆಯವರೆಲ್ಲರ ರೂಢಿಯಾಗಲಿ. ಮೊಬೈಲ್ ಚಾರ್ಜ್ ಮಾಡುವ ಜಾಗ ಹಾಲಿನಲ್ಲಿರಲಿ, ರಾತ್ರಿ ಮಕ್ಕಳ ಫೋನಿನ ಪಕ್ಕದಲ್ಲೇ ಅಪ್ಪ ಅಮ್ಮನ ಫೋನೂ ಇರಲಿ. ಬೆಳಿಗ್ಗೆ ಏಳಲು ಕೋಣೆಗೊಂದು ಅಲಾರಂ ಗಡಿಯಾರ ತಂದುಕೊಟ್ಟರೆ ಫೋನ್ ಬೇಕೆನ್ನುವ ನೆಪವೂ ಇರುವುದಿಲ್ಲ.

ನಮ್ಮ ಕಾಲದಲ್ಲಿ ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸಿ ಹತ್ತು ಜನ ಮಲಗುತ್ತಿದ್ದೆವು, ಯಾರಿಗೆ ಯಾವ ಕೋಣೆಯಿತ್ತು ಎಂದು ಹಿರಿಯರು ಕೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಆ ಮನೆಗಳಿಗೆ ಜಗಲಿ ಇತ್ತು, ಅಟ್ಟ ಇತ್ತು, ಹಿತ್ತಲಿನಲ್ಲಿ ಹತ್ತಿ ಕೂರಲು ಪೇರಲೆ ಮರವಿತ್ತು. ಮುನಿಸಿಕೊಂಡ ಹುಡುಗ ಕೆರೆ ಏರಿಯ ಮೇಲೆ ಹೋಗಿ ಕೂತು ಬಂದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಅಷ್ಟು ದೂರ ಹೋಗುವ ಸ್ವಾತಂತ್ರ್ಯ ಇರಲಿಲ್ಲವಾದರೂ ಬಾವಿಕಟ್ಟೆಯೋ ಅಟ್ಟವೋ ಗೆಳತಿಯ ಮನೆಯೋ ಇರುತ್ತಿತ್ತು. ಇಪ್ಪತ್ತು ಮೂವತ್ತರ ಸೈಟಿನ ಮನೆಯಲ್ಲಿ, ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಒಂದು ಗಳಿಗೆ ಒಂಟಿಯಾಗಿರಲು ಉಳಿದಿರುವುದು ಆ ಕೋಣೆಯೊಂದೇ. ಅದರಲ್ಲೂ ಮೈ ಬದಲಾಗುತ್ತಿರುವ ವಯಸ್ಸು. ಬೀಗವಿರುವ ಒಂದು ಡ್ರಾಯರ್, ಮೈಯುದ್ದದ ಒಂದು ಕನ್ನಡಿ, ಹೆಣ್ಣುಮಕ್ಕಳ ಕೋಣೆಯಲ್ಲಿ ಪ್ಯಾಡ್ ಇಡಲು ಕೈಗೆ ಸಿಗುವ ಒಂದು ಖಾನೆ, ಮುಚ್ಚಳವಿರುವ ಒಂದು ಕಸದ ಬುಟ್ಟಿ. ಇವೆಲ್ಲ ಚಿಕ್ಕ ಖರ್ಚಿನವು, ಯಾವ ಡಿಸೈನ್ ಫೋಟೋದಲ್ಲೂ ಕಾಣುವುದಿಲ್ಲ, ಬಾಯಿಬಿಟ್ಟು ಕೇಳಲು ಮಕ್ಕಳಿಗೆ ನಾಚಿಕೆ. ಕೇಳುವ ಮೊದಲೇ ಇಟ್ಟಿರಬೇಕಾದವು ಇವು. ಡ್ರಾಯರಿನ ಕೀಲಿ ಮಗುವಿನ ಬಳಿಯೇ ಇರಲಿ. ಇನ್ನೊಂದು ಕೀಲಿಯನ್ನು ಗುಟ್ಟಾಗಿ ಇಟ್ಟುಕೊಳ್ಳುವುದಾದರೆ ಡ್ರಾಯರನ್ನೇ ಕೊಡಬೇಡಿ.

ಬೇರೆ ಕೋಣೆಯೇ ಇಲ್ಲದವರು ಏನು ಮಾಡಬೇಕು? 2011ರ ಜನಗಣತಿಯ ಪ್ರಕಾರ ದೇಶದ ಮೂರು ಕುಟುಂಬಗಳಲ್ಲಿ ಒಂದಕ್ಕಿಂತ ಹೆಚ್ಚಿನವಕ್ಕೆ ವಾಸಕ್ಕೆ ಇದ್ದದ್ದು ಒಂದೇ ಕೋಣೆ. ಹಾಗಾಗಿ ಇದು ಉಳ್ಳವರ ಚರ್ಚೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ನನ್ನ ವಾದಕ್ಕೆ ನಾಲ್ಕು ಗೋಡೆ ಬೇಕೇ ಬೇಕೆಂದಿಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೇ ತರಗತಿಗೆ ಸೇರುವ ಮಗು ತಗಡಿನ ಟ್ರಂಕೊಂದನ್ನು ಹೊತ್ತು ಹೋಗುತ್ತದೆ. ಆ ಟ್ರಂಕಿನ ಮುಚ್ಚಳದ ಒಳಮೈಯಲ್ಲಿ ದೇವರ ಪಟ, ಮನೆಯವರ ಫೋಟೋ, ಮೆಚ್ಚಿನ ನಟನ ಚಿತ್ರ, ಕೈಯಾರೆ ಬರೆದ ವೇಳಾಪಟ್ಟಿ ಅಂಟಿರುತ್ತವೆ. ಸಣ್ಣ ಬೀಗದ ಕೀಲಿ ಕೊರಳಿನ ದಾರದಲ್ಲಿರುತ್ತದೆ. ಹತ್ತಾರು ಮಕ್ಕಳು ಮಲಗುವ ಹಾಲಿನಲ್ಲಿ ಅಷ್ಟು ಜಾಗವನ್ನು ಮಗು ತಾನೇ ಸಿಂಗರಿಸಿಕೊಂಡಿದೆ. ಒಂದೇ ಕೋಣೆಯ ಮನೆಯಲ್ಲೂ ಒಂದು ಗೂಡು, ಒಂದು ಶೆಲ್ಫು, ಬೀರುವಿನ ಒಂದು ಖಾನೆಯನ್ನು ಇದು ನಿನ್ನದು, ಬೇರೆಯವರು ಕೈ ಹಾಕುವುದಿಲ್ಲ ಎಂದು ಬಿಟ್ಟುಕೊಡಬಹುದು. ಅಕ್ಕ ತಮ್ಮ ಒಂದೇ ಕೋಣೆ ಹಂಚಿಕೊಳ್ಳುವಲ್ಲಿ ನಡುವೆ ಸರಿಗೆ ಎಳೆದು ದಪ್ಪ ಪರದೆ ಹಾಕಿ, ಇಬ್ಬರಿಗೂ ಬೇರೆ ಬೇರೆ ದೀಪ ಕೊಟ್ಟರೆ ಒಬ್ಬರು ಓದುವಾಗ ಇನ್ನೊಬ್ಬರು ಮಲಗಬಹುದು. ಪರದೆಯ ಬಣ್ಣವನ್ನು ಆಯಾ ಕಡೆಯವರೇ ಆರಿಸಲಿ. ಎರಡು ಬಟ್ಟೆ ಸೇರಿಸಿ ಹೊಲಿದರಾಯಿತು.

ಕೊನೆಗೆ, ಯಾವಾಗ ಎಂಬ ಪ್ರಶ್ನೆ. ಏಳನೇ ತರಗತಿ ಮುಗಿದು ಹೈಸ್ಕೂಲಿಗೆ ಕಾಲಿಡುವ ಮುಂಚಿನ ಬೇಸಗೆ ರಜೆ ಒಳ್ಳೆಯ ಕಾಲ. ಮಳೆ ಇರುವುದಿಲ್ಲ, ಪುಟ್ಟಿ, ಪೇಂಟು ಬೇಗ ಒಣಗುತ್ತವೆ, ಪೇಂಟಿನ ವಾಸನೆ ಹೋಗುವವರೆಗೆ ಮಗು ಅಜ್ಜಿಯ ಊರಿನಲ್ಲಿರಬಹುದು. ಹತ್ತನೇ ತರಗತಿಯ ವರ್ಷದಲ್ಲಿ ಮಾತ್ರ ಕೋಣೆಗೆ ಕೈ ಹಾಕಬೇಡಿ. ಇಟ್ಟುಕೊಂಡ ದುಡ್ಡನ್ನು ಒಮ್ಮೆಲೇ ಖರ್ಚು ಮಾಡುವುದೂ ಬೇಡ. ಬೇಸಗೆಯಲ್ಲಿ ವೈರಿಂಗು, ದೀಪ, ಹಾಸಿಗೆ, ಕಿಟಕಿಯ ಕೆಲಸ, ಒಂದು ಕೋಟ್ ಬಿಳಿ ಬಣ್ಣ ಮುಗಿಸಿ, ಮೂರನೇ ಒಂದು ಪಾಲನ್ನು ದಸರಾ ರಜೆಗೆ ಉಳಿಸಿ. ಅಷ್ಟರಲ್ಲಿ ಮಗು ಓದಲು ಮೇಜಿಗಿಂತ ನೆಲವನ್ನೇ ಹೆಚ್ಚು ಬಳಸುತ್ತದೆಯೋ, ಬಟ್ಟೆ ಕುರ್ಚಿಯ ಮೇಲೆ ಬೀಳುತ್ತದೆಯೋ, ಗೆಳೆಯರು ಬಂದರೆ ಎಲ್ಲಿ ಕೂರುತ್ತಾರೆ ಎಂಬುದು ಗೊತ್ತಾಗಿರುತ್ತದೆ. ನೆಲದ ಮೇಲೆ ಓದುವ ಮಗುವಿಗೆ ಗಟ್ಟಿ ಜಮಖಾನೆ, ದಿಂಬು, ಗಿಡ್ಡ ಮೇಜು ಸಾಕು. ಬಟ್ಟೆ ಕುರ್ಚಿಗೆ ಬೀಳುತ್ತಿದ್ದರೆ ಬಾಗಿಲಿನ ಹಿಂದೆ ನಾಲ್ಕು ಗೂಟದ ಒಂದು ಹಲಗೆ ಬೇಕು, ವಾರ್ಡ್‌ರೋಬಲ್ಲ. ಹೀಗೆ ಬೇಕಾದವುಗಳ ಪಟ್ಟಿಯನ್ನು ಮಗುವೇ ಬರೆಯಲಿ, ಹಾರ್ಡ್‌ವೇರ್ ಅಂಗಡಿಗೂ ಬಡಗಿಯ ಬಳಿಗೂ ಜೊತೆಗೆ ಬರಲಿ, ಅಳತೆ ಹಿಡಿಯಲಿ, ದುಡ್ಡು ಎಷ್ಟಿದೆ ಎಂಬುದನ್ನೂ ಮುಚ್ಚಿಡದೆ ಹೇಳಿ.